ಮೊದಲ ಕೊಡ

ನಮ್ಮ ತಾಲೂಕಿನ ಐವತ್ತರ ಸಭೆಯಲ್ಲಿ ಹನ್ನೊಂದು ಕುರ್ಚಿಗಳಿವೆ. ಏಳರಲ್ಲಿ ಮನುಷ್ಯರು ಕೂಡುತ್ತಾರೆ. ಉಳಿದ ನಾಲ್ಕು ಯಾವಾಗಲೂ ಖಾಲಿ. ಒಂದು ಅಗಸಹಾಳ ಕೆರೆಯದು, ಒಂದು ಎರೆಮಣ್ಣಿನದು, ಒಂದು ಗಿಡಮರಗಳದು, ಮತ್ತೊಂದು ಚಳಿಗಾಲಕ್ಕೆ ಮಂಗೋಲಿಯಾದಿಂದ ಬಂದು ನಮ್ಮ ಕಡಲೆ ಹೊಲ ಮೇಯುವ ಪಟ್ಟೆತಲೆ ಬಾತುಗಳದು. ಬಾತುಗಳು ಬೇಸಿಗೆಗೆ ಮೊದಲೇ ಹಾರಿಹೋಗುವುದರಿಂದ ವರ್ಷದಲ್ಲಿ ಎಂಟು ತಿಂಗಳು ಅವು ಗೈರು. ಅದಕ್ಕೆ ಯಾರ ತಕರಾರೂ ಇಲ್ಲ. ಮನುಷ್ಯ ಸದಸ್ಯರ ಹಾಜರಿ ಅದಕ್ಕಿಂತ ಕಡಿಮೆ.

ನಾನು ಕಸ್ತೂರಿ ಅಂಬಿಗೇರ. ಕೆರೆಯ ಕುರ್ಚಿಯ ಹಿಂದೆ ನಿಂತು ಅದರ ಮಾತನ್ನು ಓದಿ ಹೇಳುವವಳು. ಸರಕಾರಿ ಕಾಗದದಲ್ಲಿ ನನ್ನ ಹುದ್ದೆಗೆ ಜಲವಾಚಕಿ ಎಂದು ಹೆಸರು. ಊರವರು ಕೆರೆಯ ವಕೀಲಿ ಅನ್ನುತ್ತಾರೆ. ವಕೀಲರಿಗೆ ವಾದ ಮಾಡುವ ಹಕ್ಕಾದರೂ ಇರುತ್ತದೆ, ನನಗೆ ಅದೂ ಇಲ್ಲ. ಯಂತ್ರ ಕೊಟ್ಟದ್ದನ್ನು ಓದಬೇಕು, ಕೂಡಬೇಕು. ಹತ್ತೊಂಬತ್ತು ವರ್ಷ ಹಾಗೇ ಓದಿದೆ. ಮೊದಮೊದಲು ಎದ್ದು ನಿಂತಾಗ ಮೈ ಜುಮ್ಮೆನ್ನುತ್ತಿತ್ತು. ಈಗ ಮೊಣಕಾಲು ನೋಯುತ್ತದೆ.

ಕಾಯ್ದೆ ಹೇಳುವುದು ಸರಳ. ಐವತ್ತು ವರ್ಷ ಬಾಳುವ ಯಾವ ತೀರ್ಮಾನವನ್ನೂ, ಅದನ್ನು ಅನುಭವಿಸಬೇಕಾದ ನೀರು, ಮಣ್ಣು, ಪ್ರಾಣಿಗಳನ್ನು ಕೇಳದೆ ಮಾಡಕೂಡದು. ಕೇಳುವುದು ಹೇಗೆ ಅಂದರೆ, ಕೆರೆಯೊಳಗೆ ನಿಲ್ಲಿಸಿದ ಕಂಬಗಳು ನೀರಿನ ಬಿಸಿ, ಉಪ್ಪು, ಕರಗಿದ ಆಮ್ಲಜನಕ, ಎಲ್ಲಕ್ಕಿಂತ ಹೆಚ್ಚಾಗಿ ನೀರೊಳಗಿನ ಜೀವಗಳ ಸದ್ದು, ಇವನ್ನು ದಿನಕ್ಕೊಮ್ಮೆ ಬೆಳಗಿನ ಆರೂಕಾಲಿಗೆ ಅಳೆದು ತಾಲೂಕಿನ ಯಂತ್ರಕ್ಕೆ ಕಳಿಸುತ್ತವೆ. ನೀರಿನ ಆಮ್ಲಜನಕ ತೀರಾ ಇಳಿದಿರುವ ಹೊತ್ತು ಅದು. ಆಗಲೂ ಗಟ್ಟಿಯಿದ್ದರೆ ಕೆರೆ ಗಟ್ಟಿ ಎಂದು ಯಂತ್ರ ಮಾಡಿದವರ ನಂಬಿಕೆ. ಯಂತ್ರ ಹಿಂದಿನದನ್ನೆಲ್ಲ ನೆನಪಿಟ್ಟುಕೊಂಡು, ಮುಂದಿನ ಐವತ್ತು ವರ್ಷ ಕೆರೆಯಾಗಿ ಬದುಕಿ ನೋಡುತ್ತದೆ. ಆಮೇಲೆ ಸಮ್ಮತಿ, ಅಸಮ್ಮತಿ, ಮುಂದೂಡಿಕೆ, ಈ ಮೂರರಲ್ಲೊಂದು ಮಾತು ಹೇಳುತ್ತದೆ. ನಮ್ಮ ಕಡೆ ಅದನ್ನು ಹೂಂ, ಊಹೂಂ, ತಡಿ ಅನ್ನುತ್ತಾರೆ.

ಮೊದಲು ಐದು ಕಂಬಗಳಿದ್ದವು. ಒಂದನ್ನು ಎಮ್ಮೆ ಕೆಡವಿತು, ಒಂದಕ್ಕೆ ಸಿಡಿಲು ಬಡಿಯಿತು, ಎರಡು ಎಲ್ಲಿ ಹೋದವೋ ಕೆರೆಗೇ ಗೊತ್ತು. ಉಳಿದದ್ದು ಅಂಬಿಗರ ಮೆಟ್ಟಿಲ ಪಕ್ಕದ್ದು ಒಂದೇ. ಹೊಸ ಕಂಬ ಬೇಕೆಂದು ನಾನು ಬರೆದ ಪತ್ರಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಅದೇ ಒಂದು ಕಂಬವಾಗುತ್ತಿತ್ತು. ಯಂತ್ರ ಬಹಳ ಜಾಣ, ಒಂದು ಕಂಬದಿಂದಲೇ ಇಡೀ ಕೆರೆಯನ್ನು ಊಹಿಸಿಕೊಳ್ಳುತ್ತದೆ ಎಂದು ಮೇಲಿನವರು ಉತ್ತರ ಬರೆದರು. ಜಾಣರ ಜತೆ ವಾದಿಸಿ ದಣಿದು, ನಾನು ಪತ್ರ ಬರೆಯುವುದನ್ನೇ ಬಿಟ್ಟೆ.

ಆ ವರ್ಷ ಸಭೆಯ ಮುಂದೆ ಇದ್ದ ಪ್ರಶ್ನೆ ಎರೆದಿನ್ನಿಯದು. ಎರೆದಿನ್ನಿ ಮತ್ತು ಸುತ್ತಿನ ಆರು ಹಳ್ಳಿಗಳಿಗೆ ನಮ್ಮ ಕೆರೆಯ ನೀರು ಹೋಗುತ್ತಿತ್ತು. ಅದು ವರ್ಷವರ್ಷ ಕೆರೆಯನ್ನು ಕೇಳಿ, ಅದು ಹೂಂ ಅಂದರೆ ಮಾತ್ರ ಬಿಡುತ್ತಿದ್ದ ತಾತ್ಕಾಲಿಕ ನೀರು. ಹನ್ನೊಂದು ವರ್ಷ ಸತತವಾಗಿ ಕೆರೆ ಹೂಂ ಅಂದಿತ್ತು. ಇನ್ನು ಪದೇ ಪದೇ ಕೇಳುವುದೇಕೆ, ಐವತ್ತು ವರ್ಷಕ್ಕೆ ಒಮ್ಮೆಲೇ ಬರೆದುಕೊಟ್ಟುಬಿಡೋಣ ಎಂದು ಠರಾವು ತಯಾರಾಗಿತ್ತು. ಬರೆದುಕೊಟ್ಟ ಮೇಲೆ ಐವತ್ತು ವರ್ಷ ಕೆರೆಯನ್ನು ಯಾರೂ ಮತ್ತೆ ಕೇಳುವಂತಿಲ್ಲ.

ಎರೆದಿನ್ನಿ ನನ್ನ ಅಕ್ಕ ಶಾವಂತ್ರವ್ವನನ್ನು ಕೊಟ್ಟ ಊರು.

ಸಭೆಗೆ ಹನ್ನೊಂದು ದಿನವಿದ್ದಾಗ ಯಂತ್ರದ ಕೋಣೆಯಿಂದ ಇಮಾಮ ನದಾಫ ಕರೆ ಕಳಿಸಿದ. ಕಂಬದಿಂದ ಬರುವ ಗೆರೆಗಳನ್ನು ನೋಡಿಕೊಳ್ಳುವವನು ಅವನು. ಹೊಸಬ, ಇನ್ನೂ ದಣಿದಿರಲಿಲ್ಲ.

"ಅಕ್ಕಾರ, ಶ್ರಾವಣದಾಗ ನಿಮ್ಮ ಕೆರಿಗೆ ಜಡ್ಡ ಬಂದಿತ್ತೇನ್ರಿ?" ಅಂದ.

ಪರದೆಯ ಮೇಲೆ ಕೆರೆಯ ಉಸಿರಿನ, ಅಂದರೆ ಆಮ್ಲಜನಕದ ಗೆರೆ ವರ್ಷವಿಡೀ ಮೇಲೆಯೇ ಇತ್ತು. ಶ್ರಾವಣದಲ್ಲಿ ಮಾತ್ರ ಧೊಪ್ಪನೆ ಬಿದ್ದು, ಒಂಬತ್ತು ದಿನ ನೆಲ ಹಿಡಿದು, ಹತ್ತನೇ ದಿನ ಎದ್ದು ಕೂತಿತ್ತು. ಮೀನಿನ ಸದ್ದಿನ ಗೆರೆಯೂ ಅಷ್ಟೇ.

"ಕಂಬ ಕೆಟ್ಟಿರಬೇಕು" ಅಂದೆ.

"ಕಂಬ ಕೆಟ್ರ ತಾನ ರಿಪೇರಿ ಆಗಾಂಗಿಲ್ರಿ. ಮತ್ತ ಒಂಬತ್ತ ದಿನ ಅಂದ್ರ ಒಂಬತ್ತ ದಿನ. ಮಳಿ ಇಲ್ಲ, ಮಾಡ ಇಲ್ಲ. ನನಗ ತಿಳೀವಲ್ದು, ಅದಕ್ಕ ನಿಮ್ಮನ್ನ ಕರಸಿದ್ನಿ."

ಅವನು ತಾರೀಖು ಹೇಳಿದ. ಆ ತಾರೀಖು ನನಗೆ ಬಾಯಿಪಾಠವಿತ್ತು. ಅವ್ವನ ಕಣ್ಣಿಗೆ ಆಪರೇಷನ್ ಆದ ದಿನ ಅದು. ಒಂಬತ್ತು ದಿನ ತಲೆ ಬಗ್ಗಿಸಬಾರದು, ನೀರು ಮುಟ್ಟಬಾರದು ಅಂದಿದ್ದರು ಡಾಕ್ಟರು. ಹತ್ತನೇ ದಿನ ಬೆಳಗಾಗುವ ಮೊದಲೇ ಅವಳು ಕೊಡ ಎತ್ತಿಕೊಂಡು ಕೆರೆಗೆ ಹೋಗಿದ್ದಳು.

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಇಮಾಮ ನೀರು ತಂದುಕೊಟ್ಟ. ಕುಡಿಯಲು ಮನಸ್ಸಾಗಲಿಲ್ಲ.

ನನಗೆ ಗೊತ್ತಿರಲಿಲ್ಲ ಅಂತಲ್ಲ. ಊರಿಗೆಲ್ಲ ಗೊತ್ತಿತ್ತು. ನಮ್ಮ ಓಣಿಯ ಹೆಂಗಸರು ದಿನಾ ನಸುಕಿನಲ್ಲಿ ಆ ಕಂಬಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಸಭೆಯಲ್ಲಿ ಕುರ್ಚಿ ಸಿಕ್ಕ ದಿನದಿಂದ ಕೆರೆ ಅವರಿಗೆ ಹಿರಿಯಳು, ಕಂಬ ಅವಳ ಕಿವಿ, ಬಾಯಿ ಎರಡೂ. ದೇವರಿದ್ದ ಕಡೆ ಹೊಲಸು ಇರಬಾರದೆಂದು ಸುತ್ತಲಿನ ಅಂತರಗಂಗೆ ಬಳ್ಳಿಯನ್ನು ಕಿತ್ತು ಹಾಕುತ್ತಿದ್ದರು. ಮೊಸರನ್ನದ ಎಡೆ ಬಿಡುತ್ತಿದ್ದರು. ಮೆಟ್ಟಿಲ ಮೇಲಿಂದ ನಲವತ್ತು ಕೊಡ ನೀರು ಕಂಬದ ನೆತ್ತಿಗೆ ಸುರಿಯುತ್ತಿದ್ದರು. ಮೊದಲ ಕೊಡ ನಮ್ಮವ್ವ ಹುಲಿಗೆವ್ವನದು. ಅವಳು ಸುರಿಯದೆ ಬೇರೆ ಯಾರೂ ಸುರಿಯುವಂತಿರಲಿಲ್ಲ. ಹೀಗಾಗಿ ಆ ಒಂಬತ್ತು ದಿನ ಯಾರೂ ಸುರಿದಿರಲಿಲ್ಲ.

ನಾನೂ ಎಷ್ಟೋ ಸಲ ಆ ಕಂಬಕ್ಕೆ ಕೈಮುಗಿದಿದ್ದೇನೆ. ಬೇರೆ ತಾಲೂಕಿನ ವಾಚಕರು ಬಂದಾಗ, ನೋಡಿ, ನಮ್ಮವರು ಕಾಯ್ದೆಯನ್ನು ಹೇಗೆ ಎದೆಗೆ ಹಚ್ಚಿಕೊಂಡಿದ್ದಾರೆ ಎಂದು ಹೆಮ್ಮೆಯಿಂದ ತೋರಿಸಿದ್ದೇನೆ. ಪೂಜೆಯ ಹೊತ್ತೂ ಯಂತ್ರದ ಹೊತ್ತೂ ಒಂದೇ ಎಂಬುದು ಹತ್ತೊಂಬತ್ತು ವರ್ಷ ಕೆಲಸ ಮಾಡಿದ ನನ್ನ ತಲೆಗೆ ಹೊಳೆಯಲಿಲ್ಲ. ಮೇಲಿನಿಂದ ಸುರಿದ ನೀರು ಗಾಳಿಯನ್ನು ಒಳಗೆಳೆದುಕೊಂಡು ಹೋಗುತ್ತದೆ. ಎಡೆಯ ಅನ್ನಕ್ಕೆ ಕೆರೆಯಲ್ಲಿದ್ದ ಮೀನೆಲ್ಲ ಅಲ್ಲಿಗೇ ಬರುತ್ತವೆ. ಸರಿಯಾಗಿ ಆರೂಕಾಲಿಗೆ ಯಂತ್ರ ಕಿವಿ ಕೊಟ್ಟು ಕೇಳಿ, ಆಹಾ, ಕೆರೆ ಎಷ್ಟು ಸುಖವಾಗಿದೆ ಅನ್ನುತ್ತದೆ.

ಮರುದಿನ ಮುಂಜಾನೆ ಕೈಯಲ್ಲಿ ಹಿಡಿಯುವ ಅಳತೆಯ ಪೆಟ್ಟಿಗೆ ಇಟ್ಟುಕೊಂಡು ಹರಿಗೋಲು ಇಳಿಸಿದೆ. ಹುಟ್ಟು ಹಾಕಿ ಎಷ್ಟೋ ವರ್ಷವಾಗಿತ್ತು, ತೋಳು ಮರೆತಿರಲಿಲ್ಲ. ಮೆಟ್ಟಿಲಿನಿಂದ ಐವತ್ತು ಮಾರು ಹೋಗುವಷ್ಟರಲ್ಲಿ ಬಳ್ಳಿ ಹುಟ್ಟಿಗೆ ಸುತ್ತಿಕೊಂಡಿತು. ದಡದಿಂದ ನೋಡಿದರೆ ಹಸಿರು ಹಾಸಿದಂತೆ ಚಂದ ಕಾಣುತ್ತಿದ್ದದ್ದು ಅದೇ ಬಳ್ಳಿ. ಅದನ್ನು ಸರಿಸಿ ಪೆಟ್ಟಿಗೆಯ ತಂತಿಯನ್ನು ಕೆಳಗೆ ಬಿಟ್ಟೆ. ಆಮ್ಲಜನಕದ ಮುಳ್ಳು ಎದ್ದೇಳಲೇ ಇಲ್ಲ. ನೀರು ಕಪ್ಪಗಿತ್ತು, ಮೊಟ್ಟೆ ಕೊಳೆತ ನಾತ ಬರುತ್ತಿತ್ತು. ಐದು ಕಡೆ ಇಳಿಸಿ ನೋಡಿದೆ, ಐದೂ ಕಡೆ ಅದೇ. ಬಲೆಗೆ ಮೀನು ಬೀಳುವುದಿಲ್ಲ ಎಂದು ನಮ್ಮ ಓಣಿಯ ಗಂಡಸರು ನಾಲ್ಕು ವರ್ಷದಿಂದ ಹೇಳುತ್ತಿದ್ದರು. ಕೆರೆಯೇ ಖುದ್ದಾಗಿ ಚೆನ್ನಾಗಿದ್ದೇನೆ ಅಂದ ಮೇಲೆ ಮೀನುಗಾರರ ಮಾತನ್ನು ಯಾರು ಕೇಳುತ್ತಾರೆ? ನಾನೇ ಕೇಳಿರಲಿಲ್ಲ.

ನಡುಗೆರೆಯ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಕೊಂಡು ಮನೆಗೆ ಬಂದೆ. ಅವ್ವ ಪಡಸಾಲೆಯಲ್ಲಿ ಕೂತು ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ತಾಮ್ರದ ಕೊಡ, ಅವಳ ತವರಿನದು. ನಾನು ಬಾಟಲಿಯ ಮುಚ್ಚಳ ತೆಗೆದು ಕೊಟ್ಟೆ. ಮೂಸಿ ಮುಖ ತಿರುಗಿಸಿದಳು.

"ಯಾವ ಗಟಾರದ್ದ ಇದು?"

"ನಮ್ಮ ಕೆರೀದವ್ವಾ. ನಡುವಿಂದು."

"ಸುಳ್ಳ ಹೇಳಬ್ಯಾಡ. ನಮ್ಮ ಕೆರೀದಲ್ಲ ಇದು. ನಾ ದಿನಾ ಮುಂಜಾನಿ ಮುಟ್ಟತೀನಿ ಆ ನೀರು."

"ನೀ ಮುಟ್ಟೂದು ಮೆಟ್ಟಲದ ಹತ್ರ. ಅಲ್ಲಿ ನೀವ ಬಳ್ಳಿ ಕೀಳತೀರಿ, ನೀವ ನೀರ ಸುರೀತೀರಿ. ಯಂತ್ರ ನಿಮ್ಮ ಕೆಲಸಾ ನೋಡಿ ಹೂಂ ಅಂತೈತಿ. ಅವ್ವಾ, ಸಭಾ ಮುಗಿಯೂತನಕ ಕೊಡಾ ಹೊರಬ್ಯಾಡ. ನಿನ್ನ ಕಾಲ ಬೀಳತೀನಿ."

ಅವ್ವ ಕೊಡ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಆಮೇಲೆ ನನ್ನನ್ನು ನೋಡದೆಯೇ ಹೇಳಿದಳು.

"ಹನ್ನೆರಡ ವರ್ಷದ ಹಿಂದ ನೀನ ನಿಂತು ಓದಿದ್ದಿ, ಎರೆದಿನ್ನಿಗೆ ನೀರ ಕೊಡಾಂಗಿಲ್ಲ ಅಂತು ಕೆರಿ ಅಂತ. ನೆನಪೈತೇನ? ಆ ಬ್ಯಾಸಿಗ್ಯಾಗ ಶಾವಂತ್ರಿ ನಾಕ ತಿಂಗಳ ಬಸರಿ ಇದ್ಲು. ಎರಡ ಹರದಾರಿ ನಡದು ನೀರ ತರತಿದ್ಲು. ಆ ಕೂಸು ಉಳೀಲಿಲ್ಲ. ನನಗ ಯಾರ ಮ್ಯಾಲ ಸಿಟ್ಟ ಬರಬೇಕಿತ್ತು? ನಿನ್ನ ಮ್ಯಾಲೋ, ಕೆರಿ ಮ್ಯಾಲೋ? ಆಮ್ಯಾಲ ಅನ್ನಿಸ್ತು, ತಪ್ಪ ನಮ್ಮದ ಐತಿ. ಕೆರೀನ್ನ ಪಂಚರ ಜೋಡಿ ಕುಂದ್ರಿಸಿದ್ವಿ, ಆಕೀಗೆ ಒಂದ ತುತ್ತ ಅನ್ನಾ ಹಾಕಲಿಲ್ಲ. ನ್ಯಾಯಾ ಹೇಳಾಕ ಕುಂತವರನ್ನ ಹಸದ ಹೊಟ್ಟೀಲೆ ಕುಂದ್ರಸ್ತಾರೇನ? ಅವತ್ತಿಂದ ನಾ ಎಡಿ ಬಿಟ್ನಿ, ಕೊಡಾ ಹಾಕಿದ್ನಿ. ಮರುವರ್ಷ ಹೂಂ ಅಂತು. ಈಗ ನೀ ಬಂದು ಬ್ಯಾಡ ಅಂತೀ."

ಆ ಕೂಸಿನ ವಿಷಯ ನನಗೆ ಗೊತ್ತಿರಲಿಲ್ಲ. ಅಕ್ಕ ನನಗೆ ಹೇಳಿರಲಿಲ್ಲ, ಹೇಳಬಾರದೆಂದು ಅವ್ವನಿಗೂ ಆಣೆ ಹಾಕಿದ್ದಳಂತೆ. ಯಾಕೆಂದರೆ ಓದಿದವಳು ನಾನು. ನನಗೆ ಅಳು ಬಂತು. ಅವ್ವ ಕೊಡಕ್ಕೆ ನೀರು ಹಾಕಿ ತೊಳೆದಳು. ಮರುದಿನ ನಸುಕಿನಲ್ಲಿ ಅದನ್ನು ಹೊತ್ತುಕೊಂಡು ಹೋದಳು. ನಾನು ತಡೆಯಲಿಲ್ಲ.

ಆ ಹತ್ತು ದಿನ ನಾನು ಮಾಡಬಹುದಾದದ್ದನ್ನೆಲ್ಲ ಮಾಡಿದೆ ಎಂದು ಹೇಳಿಕೊಳ್ಳುವಂತಿಲ್ಲ. ಜಿಲ್ಲೆಗೆ ಒಂದು ಪತ್ರ ಬರೆದೆ, ಸಭೆ ಮುಗಿದ ಮೇಲೆ ಪರಿಶೀಲಿಸಲಾಗುವುದು ಎಂದು ಉತ್ತರ ಬಂತು. ಅಧ್ಯಕ್ಷ ಫಕ್ಕೀರಗೌಡರ ಮನೆ ಬಾಗಿಲವರೆಗೂ ಹೋಗಿ ವಾಪಸು ಬಂದೆ. ನಿಜ ಹೇಳಬೇಕೆಂದರೆ, ಸುಮ್ಮನಿರಲು ನನಗೆ ಆಸೆಯಿತ್ತು. ಹೂಂ ಎಂದು ಓದಿದರೆ ಅಕ್ಕನ ಮನೆಯ ನಳ ಐವತ್ತು ವರ್ಷ ನಿಲ್ಲುವುದಿಲ್ಲ. ಕೆರೆ ಏಳೆಂಟು ವರ್ಷದಲ್ಲಿ ಸಾಯಬಹುದು, ಆಗ ನಾನು ನಿವೃತ್ತಿಯಾಗಿರುತ್ತೇನೆ. ಹೀಗೆ ಅಂದುಕೊಂಡು ಎರಡು ದಿನ ಚೆನ್ನಾಗಿ ಊಟ ಮಾಡಿದೆ. ಮೂರನೇ ದಿನ, ಕೆರೆ ಸತ್ತ ಮೇಲೆ ಅಕ್ಕನ ನಳದಲ್ಲಿ ಬರುವುದೇನು ಎಂಬ ಯೋಚನೆ ಬಂತು. ನಡುಗೆರೆಯ ನೀರಿನ ಬಾಟಲಿ ಇನ್ನೂ ಗೋಡೆಯ ಗೂಡಿನಲ್ಲೇ ಇತ್ತು.

ಸಭೆಯ ದಿನ ಎರೆದಿನ್ನಿಯಿಂದ ಎರಡು ಟ್ರ್ಯಾಕ್ಟರ್ ತುಂಬ ಜನ ಬಂದರು. ಅಕ್ಕ ಮುಂದಿನ ಸಾಲಿನಲ್ಲೇ ಕೂತಿದ್ದಳು. ಒಳಗೆ ಬರುವಾಗ ನನ್ನ ಕೈ ಹಿಡಿದು, "ಕಸ್ತೂರಿ, ಜ್ವಾಳದ ರೊಟ್ಟಿ ತಂದೀನಿ, ಓದಿ ಮುಗಿಸಿ ಬಾ, ಕೂಡೇ ಉಣ್ಣೂಣು" ಅಂದಿದ್ದಳು. ನಾನು ಹೂಂ ಅಂದಿದ್ದೆ.

ಮಣ್ಣು ಹೂಂ ಅಂತು. ಗಿಡಮರಗಳು ಹೂಂ ಅಂದವು. ಬಾತುಗಳು ತಡಿ ಅಂದವು. ಆ ವರ್ಷ ಅವು ಕೆರೆಗೆ ಇಳಿಯದೆ ಹೊಲದಲ್ಲೇ ಬೀಡುಬಿಟ್ಟಿದ್ದವು. ನೀರಿನ ವಿಷಯದಲ್ಲಿ ಕೆರೆಯದೇ ಕೊನೆಯ ಮಾತಾದ್ದರಿಂದ ಬಾತುಗಳ ಮಾತನ್ನು ಬರೆದುಕೊಂಡು ಪುಟ ತಿರುಗಿಸಿದರು. ಕೆರೆಯ ಖಾಲಿ ಕುರ್ಚಿಯ ಮೇಲೆ ಯಾರೋ ಹೊಸ ಟವೆಲ್ ಹೊದಿಸಿ ಹೂ ಇಟ್ಟಿದ್ದರು. ಯಂತ್ರದ ಚೀಟಿ ನನ್ನ ಕೈಗೆ ಬಂತು. ಬಿಡಿಸದೆಯೇ ಗೊತ್ತಿತ್ತು.

"ಓದ್ರಿ ಕಸ್ತೂರಿಬಾಯಾರ, ಟೈಮಾತು" ಅಂದರು ಫಕ್ಕೀರಗೌಡರು.

ಎದ್ದು ನಿಂತೆ. "ಚೀಟಿಯಲ್ಲಿ ಸಮ್ಮತಿ ಎಂದಿದೆ" ಎಂದು ಓದಿದೆ. ಎರೆದಿನ್ನಿಯವರು ಚಪ್ಪಾಳೆ ಹೊಡೆದರು. ನಾನು ಕೂಡಬೇಕಿತ್ತು. ಕೂಡಲಿಲ್ಲ.

"ಇದು ಕೆರೀ ಮಾತಲ್ರಿ" ಅಂದೆ. "ಹನ್ನೊಂದ ವರ್ಷದಿಂದ ನಾ ಇಲ್ಲಿ ನಿಂತು ಓದಿದ್ದು ಕೆರೀ ಮಾತಲ್ಲ. ನಮ್ಮವ್ವನ ಮಾತು."

ಚಪ್ಪಾಳೆ ನಿಂತಿತು. ಬಾಟಲಿಯನ್ನು ಕೆರೆಯ ಕುರ್ಚಿಯ ಮೇಲೆ, ಹೂವಿನ ಪಕ್ಕದಲ್ಲಿಟ್ಟೆ. ಕೊಡದ ವಿಷಯ, ಎಡೆಯ ವಿಷಯ, ಒಂಬತ್ತು ದಿನದ ವಿಷಯ ಎಲ್ಲ ಹೇಳಿದೆ. ಹೇಳುತ್ತ ಹೋದಂತೆ ನನ್ನ ದನಿ ನನಗೇ ಬೇಸರ ತರುವಷ್ಟು ಸಪ್ಪಗಿತ್ತು.

ಗೌಡರು ಕನ್ನಡಕ ತೆಗೆದರು. "ಅಲ್ರಿ ಬಾಯಾರ, ಹನ್ನೊಂದ ವರ್ಷ ಸುಮ್ನಿದ್ದು ಇವತ್ತ ಹೇಳಾಕತ್ತೀರಿ. ವಾಚಕರು ಚೀಟಿ ಬಿಟ್ಟು ಮಾತಾಡಿದ್ರ ಏನಾಗ್ತೈತಿ ಗೊತ್ತೈತಿಲ್ಲ?"

"ಗೊತ್ತೈತ್ರಿ. ಅಮಾನತ್ ಆಗ್ತೈತಿ."

"ಮತ್ತ?"

"ಆಗ್ಲಿ ಬಿಡ್ರಿ. ಕಾಲೂ ಭಾಳ ನೋಯಾಕತ್ತಾವು."

ಯಾರೋ ನಕ್ಕರು. ಅಕ್ಕ ನಗಲಿಲ್ಲ. ಎದ್ದು ನಿಂತು ರೊಟ್ಟಿಯ ಗಂಟನ್ನು ಕಂಕುಳಲ್ಲಿ ಹಿಡಿದು ನನ್ನನ್ನೇ ನೋಡಿದಳು. "ಎರಡ ಸಲ ಆತು ಕಸ್ತೂರಿ" ಅಂದಳು. ಅಷ್ಟೇ ಹೇಳಿ ಹೊರಗೆ ಹೋದಳು.

ಠರಾವು ನಿಂತಿತು. ಆ ವರ್ಷದ ತಾತ್ಕಾಲಿಕ ನೀರೂ ನಿಂತಿತು. ಎರೆದಿನ್ನಿಗೆ ನಾಲ್ಕು ದಿನಕ್ಕೊಮ್ಮೆ ಟ್ಯಾಂಕರ್ ಹೋಗತೊಡಗಿತು. ಇಷ್ಟು ವರ್ಷ ಸಿಗದ ಹೊಸ ಕಂಬ ಹದಿನೈದು ದಿನದಲ್ಲಿ ಸಿಕ್ಕಿತು. ಅದನ್ನು ಯಾರ ಕೈಗೂ ಎಟುಕದಂತೆ ನಡುಗೆರೆಯಲ್ಲಿ ನಿಲ್ಲಿಸಿ, ಮೆಟ್ಟಿಲ ಪಕ್ಕದ ಹಳೆಯದನ್ನು ಕಿತ್ತೊಯ್ದರು. ನಲವತ್ತು ದಿನ ಹೊಸ ಕಂಬದ ಮಾತು ಕೇಳಿ ಯಂತ್ರ ತನ್ನ ಅಭಿಪ್ರಾಯ ಹೇಳುವುದೆಂದು ನಿಶ್ಚಯವಾಯಿತು. ಅಮಾನತಾದ ನನಗೆ ಮನೆಯಲ್ಲಿ ಕೂತು ಕಾಳು ಆರಿಸುವ ಕೆಲಸ. ಓಣಿಯ ಹೆಂಗಸರು ನನ್ನ ಜತೆ ಮಾತು ಬಿಟ್ಟರು. ಅಕ್ಕ ಫೋನ್ ಎತ್ತಲಿಲ್ಲ.

ಅವ್ವ ಮಾತ್ರ ಬಿಡಲಿಲ್ಲ. ದಿನಾ ನಸುಕಿನಲ್ಲಿ ಎಡೆಯ ಗಂಟು, ಕೊಡ ಹಿಡಿದು ಮೆಟ್ಟಿಲಿಗೆ ಹೋಗಿ, ಕಂಬವಿಲ್ಲದ ನೀರಿಗೆ ಕೊಡ ಸುರಿದು ಬರುತ್ತಿದ್ದಳು. ಮೊದಲ ವಾರ ನಲವತ್ತು ಕೊಡವೂ ಬಿದ್ದವು. ಆಮೇಲೆ ಹತ್ತು. ಆಮೇಲೆ ಅವಳದೊಂದೇ.

ನಲವತ್ತೊಂದನೇ ದಿನ ಬೆಳಿಗ್ಗೆ ಇಮಾಮನ ಫೋನ್ ಬಂತು. "ಅಕ್ಕಾರ, ನಿಮಗ ಹೇಳಬಾರದು, ರೂಲ್ ಇಲ್ಲ. ಆದ್ರೂ ಹೇಳಾಕತ್ತೀನಿ. ಊಹೂಂ ಅಂದೈತ್ರಿ. ಸಣ್ಣ ಊಹೂಂ ಅಲ್ಲ."

ಕೆರೆಗೆ ಹೋದೆ. ಅವ್ವ ಮೆಟ್ಟಿಲ ಮೇಲೆ ಕೂತಿದ್ದಳು, ಗಂಟು ಇನ್ನೂ ಬಿಚ್ಚಿರಲಿಲ್ಲ. ಕೆಳಗಿನ ಮೆಟ್ಟಿಲವರೆಗೂ ಬಳ್ಳಿ ಹಬ್ಬಿತ್ತು. ಅದನ್ನು ಕೀಳಲು ಅವಳೊಬ್ಬಳ ಕೈ ಸಾಲದೆ ಹೋಗಿತ್ತು. ಆಪರೇಷನ್ ಆದ ಕಣ್ಣಿಗೆ ಕೈ ಅಡ್ಡ ಹಿಡಿದು ದೂರದ ಹೊಸ ಕಂಬವನ್ನು ನೋಡುತ್ತಿದ್ದಳು. ನಾತ ಈಗ ಮೆಟ್ಟಿಲಿಗೂ ಬಂದಿತ್ತು.

"ಏನಂತು?" ಎಂದು ಕೇಳಿದಳು.

"ಊಹೂಂ ಅಂತವ್ವಾ."

ಸಿಟ್ಟಾಗುತ್ತಾಳೆ, ಹಸಿವಿಗೆ ಹಾಗಂದಿದೆ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಕೊಡವನ್ನು ಪಕ್ಕಕ್ಕೆ ಸರಿಸಿಟ್ಟಳು.

"ಹಂಗಾರ ಆಕೀಗೆ ಮಾತ ಬರ್ತೈತಿ" ಅಂದಳು. "ಹನ್ನೊಂದ ವರ್ಷ ನಾ ಆಕೀ ಬಾಯಾಗ ಅನ್ನಾ ತುರುಕಿದ್ನಿ. ಬಾಯಾಗ ತುತ್ತ ಇಟಗೊಂಡು ಯಾರ ಮಾತಾಡ್ತಾರ? ಜಡ್ಡಾಗೈತಿ ಅಂತ ಹೇಳಾಕೂ ಬಿಡಲಿಲ್ಲ ನಾ."

"ನಿನಗೇನ ಗೊತ್ತಿತ್ತವ್ವಾ."

"ಇದ ಗಂಗಿ ಮ್ಯಾಲ ಹುಟ್ಟಿ ಬೆಳದಾಕಿ ನಾನು. ನನಗಲ್ದ ಯಾರಿಗೆ ಗೊತ್ತಿರಬೇಕು?"

ಗಂಟು ಬಿಚ್ಚಿದಳು. ಮೊಸರನ್ನವನ್ನು ಎರಡು ಪಾಲು ಮಾಡಿ ಒಂದನ್ನು ನನ್ನ ಕೈಯಲ್ಲಿಟ್ಟಳು, ಇನ್ನೊಂದನ್ನು ತಾನು ಉಂಡಳು. ಕೆರೆಗೆ ಬಿಡಲಿಲ್ಲ. ಉಂಡಾದ ಮೇಲೆ ಕೊಡವನ್ನು ಕಂಕುಳಿಗೇರಿಸಿ, "ನಡಿ, ಮನಿ ಬಾವ್ಯಾಗ ಇದನ್ನ ತುಂಬಿಕೊಡು. ಹತ್ತರ ಬಸ್ಸಿಗೆ ಹೋಗೂದೈತಿ" ಅಂದಳು.

ಹತ್ತರ ಬಸ್ಸು ಎರೆದಿನ್ನಿಯದು.

ಬಸ್ಸಿನಲ್ಲಿ ಅವ್ವ ತುಂಬಿದ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬಸ್ಸು ಕುಣಿದಾಗಲೆಲ್ಲ ನೀರು ತುಳುಕಿ ನಮ್ಮಿಬ್ಬರ ಸೀರೆಯೂ ತೋಯ್ದಿತು. ಒಂದು ಕೊಡದಿಂದ ಏನಾಗುತ್ತದೆ ಎಂದು ಕಂಡಕ್ಟರ್ ನಗೆಯಾಡಿದ. ಏನೂ ಆಗುವುದಿಲ್ಲವೆಂದು ಅವ್ವನಿಗೂ ಗೊತ್ತಿತ್ತು. ಬೇರೆ ದಾರಿ ಹುಡುಕಬೇಕು, ಕೆರೆಯ ಹೂಳು ತೆಗೆಯಬೇಕು, ಎರೆದಿನ್ನಿಯ ಹಳೆಯ ಹೊಂಡಗಳನ್ನು ತೋಡಬೇಕು, ಪತ್ರ ಬರೆಯಬೇಕು. ಮತ್ತೆ ಪತ್ರ. ನೆನೆದೇ ನನಗೆ ಸುಸ್ತಾಯಿತು.

ಅಕ್ಕನ ಮನೆಯ ಮುಂದೆ ನಳದ ಬಾಯಿಗೆ ಬಟ್ಟೆ ಸುತ್ತಿತ್ತು. ಬಾಗಿಲಲ್ಲಿ ನಿಂತು ಅಕ್ಕ ನಮ್ಮನ್ನು ನೋಡಿದಳು. ಅವ್ವ ಕೊಡವನ್ನು ಮುಂದೆ ಚಾಚಿ, "ಮೊದಲ ಕೊಡಾ ನಿನಗ ತರಬೇಕಿತ್ತು, ಶಾವಂತ್ರಿ. ನಾ ತಪ್ಪ ಕಡೆ ಹಾಕಿದ್ನಿ" ಅಂದಳು.

ಅಕ್ಕ ನನ್ನ ಕಡೆ ನೋಡಲಿಲ್ಲ. ನೀರು ತುಳುಕುವುದನ್ನು ಕಂಡು ಬೇಗ ಬೇಗ ಬಂದು ಕೊಡವನ್ನು ಇಸಿದುಕೊಂಡು, ಒಂದು ಹನಿಯೂ ಚೆಲ್ಲದಂತೆ ಒಳಗೆ ಒಯ್ದಳು.